ಪೊರಕೆ ಆಯುಧವಲ್ಲ

ಬಿಸಿಲಕೋಲಿನೊಳಗೆ ಧೂಳು ಕೆಳಕ್ಕೆ ಬೀಳುತ್ತಿಲ್ಲ, ಮೇಲಕ್ಕೆ ಹೋಗುತ್ತಿದೆ, ಮೇಲೆ ಹೋಗಿ ಅಲ್ಲೊಂದು ಸುತ್ತು ಹಾಕಿ ಮತ್ತೆ ಇಳಿಯುತ್ತಿದೆ, ಅವಸರವೇ ಇಲ್ಲ, ಹಬ್ಬದ ದಿನ ನೆಂಟರ ಮನೆಯಲ್ಲಿ ಊಟಕ್ಕೆ ಮುಂಚೆ ಅಡ್ಡಾಡುವವರ ಹಾಗೆ — ಚೆಂದ, ಚೆಂದವೇ, ಅರಿಶಿನಕ್ಕಿಂತ ತುಸು ತೆಳುವಾದ ಹಳದಿ, ಯಾರಾದರೂ ಫೋಟೋ ತೆಗೆದು ಶುಭೋದಯ ಎಂದು ಬರೆದು ಹತ್ತು ಗ್ರೂಪಿಗೆ ಕಳಿಸಬಹುದಾದಷ್ಟು ಚೆಂದ, ಆದರೆ ಇಷ್ಟು ಧೂಳು ಇಲ್ಲಿ ಇರಬಾರದು, ಇವತ್ತಂತೂ ಇರಬಾರದು, ಗೋದಾಮಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ನನ್ನ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಲಾರಿ ಇಲ್ಲ, ಮೆಕ್ಕೆಜೋಳ ಸುರಿಯುತ್ತಿಲ್ಲ, ಕಾಳನ್ನು ಮೇಲಕ್ಕೆತ್ತುವ ಎಲಿವೇಟರಿನ ಬಕೆಟ್ಟುಗಳು ನಿಂತಿವೆ, ಧೂಳು ಹೀರುವ ಫ್ಯಾನೂ ನಿಂತಿದೆ, ಆಯುಧಪೂಜೆ, ಯಂತ್ರಗಳಿಗೆಲ್ಲ ರಜೆ, ಹಾಗಾದರೆ ಇದನ್ನು ಎಬ್ಬಿಸಿದವರು ಯಾರು — ಬನ್ನಿ ಮೇಡಮ್ಮೋರೆ, ನೋಡಿ ಹೆಂಗೈತೆ, ಎಂದು ಹಮಾಲರ ಮೇಸ್ತ್ರಿ ಕರಿಯಣ್ಣ ಏಣಿಯಿಂದ ಇಳಿಯುತ್ತಾನೆ, ಹೆಗಲ ಮೇಲೆ ಹೊಸ ಟವೆಲ್ಲು, ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ತೆಂಗಿನಗರಿಯ ಪೊರಕೆ, ಹುಬ್ಬು ಮೀಸೆಯೆಲ್ಲ ಹಳದಿ, ಕೋಳಿ ಕೂಗೋಕ್ ಮುಂಚೆ ಶುರು ಮಾಡಿದ್ವಿ, ಒಂದ್ ತೊಲೆ ಬಿಟ್ಟಿಲ್ಲ, ಈ ಕಟ್ಟಡ ಆದಾಗಿಂದ ಕೂತಿದ್ದ ಧೂಳು, ಎಲ್ಲಾ ಕೆಡವಿದ್ವಿ, ನೀವೇ ಹೇಳಿದ್ರಲ್ಲ, ಮೇಲ್ ಕೂತಿರೋ ಧೂಳೇ ಶತ್ರು ಅಂತ, ಹಬ್ಬಕ್ಕೆ ನಿಮಗೊಂದು ಖುಷಿ ಆಗ್ಲಿ ಅಂತ. ನನಗೊಂದು ಖುಷಿ ಆಗಲಿ ಅಂತ. ಒಂದು ವರ್ಷ ಗಂಟಲು ಹರಿದುಕೊಂಡೆ, ಯಾರೂ ಕೇಳಲಿಲ್ಲ, ಕೇಳಬಾರದ ದಿನ ಕೇಳಿದ್ದಾರೆ.

ವ್ಯಾಕ್ಯೂಮ್ ಕ್ಲೀನರ್ ಎಲ್ಲಿ ಕರಿಯಣ್ಣ, ಅದರಲ್ಲಿ ತಾನೇ ತೆಗೀಬೇಕು ಅಂದಿದ್ದು, ಪೊರಕೆ ಹಚ್ಚಿದ್ರೆ ಎಲ್ಲಾ ಗಾಳಿಗೆ ಏಳುತ್ತೆ ಅಂತ ಹೇಳಿರ್ಲಿಲ್ವಾ — ಅದಾ, ಅಲ್ಲೈತಲ್ಲ, ಎಂದು ಪೊರಕೆಯಲ್ಲೇ ತೋರಿಸುತ್ತಾನೆ, ಎಲಿವೇಟರಿನ ಬುಡದಲ್ಲಿ, ತಕ್ಕಡಿ ಬಟ್ಟು ಗೋಣಿಚೀಲದ ಕೊಕ್ಕೆ ಹೊಲಿಗೆ ಮೆಷಿನ್ನು ಇವುಗಳ ನಡುವೆ, ಮಿಂದು ಮಡಿಯುಟ್ಟಂತೆ, ಕೊರಳಿಗೆ ಚೆಂಡುಹೂವಿನ ಹಾರ, ಸೊಂಡಿಲಿಗೆ ಮೂರು ಪಟ್ಟೆ ವಿಭೂತಿ, ನಮ್ಮ ವ್ಯಾಕ್ಯೂಮ್ ಕ್ಲೀನರ್ ಕೂತಿದೆ, ಗಣಪತಿಯ ದೂರದ ನೆಂಟ. ಇವತ್ತು ಆಯುಧ ಮುಟ್ಟೋ ಹಂಗಿಲ್ಲ ಮೇಡಮ್ಮೋರೆ. ಪೊರಕೆ ಮುಟ್ಟಬಹುದಾ. ಪೊರಕೆ ಆಯುಧ ಅಲ್ವಲ್ಲ, ಅದು ಲಕ್ಷ್ಮಿ. ವಾದದಲ್ಲಿ ಒಂದು ಬಿರುಕಿಲ್ಲ, ತರ್ಕಶಾಸ್ತ್ರ ಓದಿದವರು ಯಾರೂ ಇದನ್ನು ಮುರಿಯಲಾರರು, ನಾನೂ ನಗುತ್ತಿದ್ದೆ, ನಗು ಬಾಯಿಯವರೆಗೂ ಬಂತು, ಅಷ್ಟರಲ್ಲಿ ಆಚೆ ಗೋಡೆಯ ಬಲ್ಬು ಕಣ್ಣಿಗೆ ಬಿತ್ತು, ಬಿತ್ತು ಎನ್ನುವಂತಿಲ್ಲ, ಮಂಜಿನ ಒಳಗಿನ ಚಂದ್ರನ ಹಾಗೆ ಒಂದು ಮಸುಕು, ಬಲ್ಬು ಮಸುಕಾಗುವಷ್ಟು ಜೋಳದ ಹುಡಿ ಗಾಳಿಯಲ್ಲಿದ್ದರೆ ಒಂದು ಕಿಡಿ ಸಾಕು, ಚೀಲದೊಳಗೆ ಸುಮ್ಮನೆ ಕೂತ ಹಿಟ್ಟಿಗೆ ಬೆಂಕಿ ಇಟ್ಟರೆ ಮುನಿಸಿಕೊಂಡು ಹೊಗೆಯಾಡುತ್ತದೆ ಅಷ್ಟೆ, ಗಾಳಿಯಲ್ಲಿ ತೇಲುವ ಹಿಟ್ಟು ಹಾಗಲ್ಲ, ಒಂದೊಂದು ಕಣದ ಸುತ್ತಲೂ ಗಾಳಿ, ಎಲ್ಲವೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ, ಮುಚ್ಚಿದ ಕಟ್ಟಡ, ತಗಡಿನ ಸೂರು, ಸೂರು ಹೋಗುತ್ತದೆ, ಗೋಡೆ ಹೋಗುತ್ತದೆ, ನಡುವೆ ನಿಂತವರು. ಇದನ್ನು ತೋರಿಸಲೆಂದೇ ಒಮ್ಮೆ ಅಂಗಳದಲ್ಲಿ ಒಂದು ಡಬ್ಬಿ, ಒಳಗೊಂದು ಮೇಣದಬತ್ತಿ, ಒಂದು ಚಮಚ ಜೋಳದ ಹುಡಿ, ಕೊಳವೆಯಲ್ಲಿ ಊದಿದೆ, ಢಂ ಎಂದು ಮುಚ್ಚಳ ಹಾರಿ ಲಾರಿಯ ಮೇಲೆ ಬಿತ್ತು, ಹಮಾಲರು ಶಿಳ್ಳೆ ಹೊಡೆದರು, ಇನ್ನೊಂದ್ಸಲ ಮೇಡಂ, ಇನ್ನೊಂದ್ಸಲ, ನಮ್ಮ ಮನೆಯೋಳು ದಿನಾ ಒಲೆ ಮುಂದೆ ಹಿಟ್ಟು ಜರಡಿ ಹಿಡೀತಾಳೆ, ಒಂದಿನಾನೂ ಹಾರಿಲ್ವಲ್ಲ ಎಂದ ಕರಿಯಣ್ಣ, ಹಾರಿದ್ರೆ ನಿನಗೇ ಪುಣ್ಯ ಬಿಡು ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ ಪುಟ್ಟಲಕ್ಷ್ಮಿ, ಎಲ್ಲರೂ ನಕ್ಕರು, ಪಾಠ ಅಲ್ಲಿಗೆ ಮುಗಿಯಿತು, ಮಾರನೆಯ ದಿನದಿಂದ ನನ್ನ ಹೆಸರು ಧೂಳಮ್ಮ.

ಧೂಳಮ್ಮ ಬಂದ್ಲು ಕಣ್ರೋ, ಬೀಡಿ ಬಿಸಾಕ್ರೋ — ನಾನು ಬರುವ ದಾರಿಯಲ್ಲಿ ಈ ಮಾತು ನನಗಿಂತ ಮುಂಚೆ ಹೋಗುತ್ತದೆ, ಹೋದ ಕಡೆಯೆಲ್ಲ ಮಾತು ನಿಲ್ಲುತ್ತದೆ, ಚಹಾ ಲೋಟ ಕೆಳಗಿಳಿಯುತ್ತದೆ, ಗ್ರಾಮದೇವತೆಗೂ ಇಷ್ಟು ಮರ್ಯಾದೆ ಸಿಕ್ಕೀತೇ ಗೊತ್ತಿಲ್ಲ, ಅವಳಿಗೆ ವರ್ಷಕ್ಕೊಮ್ಮೆಯಾದರೂ ಜನ ಹತ್ತಿರ ಬರುತ್ತಾರೆ. ವಿಮೆಯವರು ಸುರಕ್ಷತಾ ಅಧಿಕಾರಿ ಇರಲೇಬೇಕು ಎಂದದ್ದಕ್ಕೆ ಮಾಲೀಕರು ಷಣ್ಮುಖಪ್ಪನವರು ನನ್ನನ್ನು ಇಟ್ಟುಕೊಂಡರು, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗೋಡೆಗೆ ತಗುಲಿಹಾಕಿದ ಹಾಗೆ, ಯಾರೂ ಮುಟ್ಟದೆ, ಧೂಳು ಮಾತ್ರ ಒರೆಸುತ್ತ. ಸಂಜೆ ಭದ್ರಾವತಿಯ ಕಾಗದನಗರದ ಬಾಡಿಗೆ ಕ್ವಾರ್ಟರ್ಸಿಗೆ ಹೋಗುತ್ತೇನೆ, ಕಾರ್ಖಾನೆ ಮುಚ್ಚಿ ಜನ ಬಿಟ್ಟುಹೋದ ಬೀದಿ, ಎಡಕ್ಕೆ ಖಾಲಿ ಮನೆ, ಬಲಕ್ಕೆ ಖಾಲಿ ಮನೆ, ಎದುರಿನ ಮನೆಯ ಕಿಟಕಿಯೊಳಗಿಂದ ಒಂದು ಅತ್ತಿಗಿಡ ಹೊರಗೆ ಕೈ ಹಾಕಿದೆ, ಬೀದಿಯಲ್ಲಿ ನನ್ನ ಕುಕ್ಕರ್ ಕೂಗಿದರೆ ನಾಯಿ ಎದ್ದು ನೋಡುತ್ತದೆ, ಶಿವಮೊಗ್ಗದ ಕೋಟೆ ಬೀದಿಯಲ್ಲಿ ತಮ್ಮ ವಿಜಯಕುಮಾರ ಇದ್ದಾನೆ, ಹಬ್ಬಕ್ಕೆ ಬಂದ್ರೆ ಬಾ ಅಕ್ಕ ಎನ್ನುತ್ತಾನೆ, ಬಾ ಎನ್ನುವುದಕ್ಕೂ ಬಂದ್ರೆ ಬಾ ಎನ್ನುವುದಕ್ಕೂ ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವಷ್ಟೇ ದೂರ, ನಾನು ಹೋಗಲಿಲ್ಲ, ಯಾಕೆಂದರೆ ಈ ಸಲ ಬಾ ಎಂದು ನೇರವಾಗಿ ಕರೆದವರು ಬೇರೆ ಇದ್ದರು, ಷಣ್ಮುಖಪ್ಪನವರ ತಾಯಿ, ವೀರಮ್ಮ, ಅಲ್ಲಿ ನಿಂತಿದ್ದಾರಲ್ಲ, ಗುಬ್ಬಿಯಷ್ಟು ಸಣ್ಣ ದೇಹ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಆರತಿ ತಟ್ಟೆ.

ಈ ಗೋದಾಮಿನಲ್ಲಿ ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂರುವ ಒಂದೇ ಜೀವ, ಶುಕ್ರವಾರ ಬಂದರೆ ಟಿಫಿನ್ ಡಬ್ಬಿಯಲ್ಲಿ ಏನಾದರೊಂದು ಇರುತ್ತದೆ, ಕಾಯಿಹೋಳಿಗೆಯೋ ನುಚ್ಚಿನುಂಡೆಯೋ, ತಿನ್ನು ಮಾರಾಯ್ತಿ, ಯಾವ ಕಾಲದಲ್ಲಿ ಉಂಡಿದ್ಯೋ ಏನೋ, ಮುಖ ನೋಡು ಒಣಗಿದ್ ಕೊಬ್ಬರಿ ಹಂಗೆ, ಮಂಡಿನೋವು, ಸೊಸೆ ಸಾರಿಗೆ ಸುರಿಯುವ ಉಪ್ಪು, ತವರುಮನೆ ಹೊಳಲೂರಿನ ಹೊಳೆಯಲ್ಲಿ ಈಜಲು ಹೋಗಿ ಅಪ್ಪನಿಂದ ತಿಂದ ಏಟು, ಹೇಳಿದ್ದನ್ನೇ ಹೇಳುತ್ತಾರೆ, ನಾನು ಮೊದಲ ಸಲದ ಹಾಗೆ ಕೇಳುತ್ತೇನೆ, ಅವರಿಗೂ ಗೊತ್ತು, ಅದೇ ನಮ್ಮ ಒಪ್ಪಂದ. ಈ ನೀಲಿ ಸೀರೆ ಅವರೇ ಕೊಟ್ಟದ್ದು, ಹಬ್ಬದ್ ದಿನ ಇದನ್ನೇ ಉಟ್ಕೊಂಡ್ ಬಾ, ಆರತಿ ಎತ್ತುವಾಗ ನನ್ನ ಪಕ್ಕ ನಿಂತ್ಕೋಬೇಕು ನೀನು. ಪಕ್ಕ ನಿಂತ್ಕೋಬೇಕು. ಉಟ್ಟುಕೊಂಡು ಬಂದಿದ್ದೇನೆ, ಬೆಳಿಗ್ಗೆ ಕನ್ನಡಿಯ ಮುಂದೆ ಸೆರಗನ್ನು ಎಷ್ಟು ಸಲ ಸರಿಮಾಡಿಕೊಂಡೆ ಎಂದು ಹೇಳಲು ನಾಚಿಕೆ, ಹೇಳಲು ಯಾರಿದ್ದಾರೆ — ಬಾಮ್ಮ ಸುಮನಾ, ನಿನಗೇ ಕಾಯ್ತಿದ್ವಿ, ರಾಹುಕಾಲ ಬಂದ್ಬಿಡುತ್ತೆ, ಷಣ್ಮುಖಪ್ಪನವರು, ರೇಷ್ಮೆ ಶಲ್ಯ, ಎದುರಿಗೆ ಕುಂಕುಮ ತುಂಬಿದ ಬೂದುಗುಂಬಳ, ಮೂವತ್ತು ನಲವತ್ತು ಜನ, ಜೋಳದ ಚೀಲದ ಮೇಲೆ ಸಾಲಾಗಿ ಕೂತ ಮಕ್ಕಳು, ಪುಟ್ಟಲಕ್ಷ್ಮಿಯ ಕಂಕುಳಲ್ಲಿ ನಿದ್ದೆಹೋದ ಮೊಮ್ಮಗು, ಯಾರೋ ಸೀನುತ್ತಾರೆ, ಯಾರೋ ಶುಭ ಶುಭ ಎನ್ನುತ್ತಾರೆ, ಎಲ್ಲರ ತಲೆಗೂದಲ ಮೇಲೆ ಸಣ್ಣಗೆ ಹಳದಿ ಕೂರುತ್ತಿದೆ, ವೀರಮ್ಮ ತಟ್ಟೆಯಲ್ಲಿ ಕರ್ಪೂರದ ಬಿಲ್ಲೆ ಇಟ್ಟಿದ್ದಾರೆ, ದಪ್ಪ ಬಿಲ್ಲೆ, ಬಿಳೀ, ಸೆರಗಿನ ಗಂಟಿನಿಂದ ಬೆಂಕಿಪೊಟ್ಟಣ ತೆಗೆಯುತ್ತಾರೆ, ಗೇಟಿನಲ್ಲಿ ಎಲ್ಲರ ಜೇಬನ್ನೂ ತಡಕಿಸುತ್ತೇನೆ, ಸಿಕ್ಕ ಬೆಂಕಿಪೊಟ್ಟಣಗಳನ್ನೆಲ್ಲ ಅಲ್ಲೇ ಒಂದು ಡಬ್ಬಿಗೆ ಹಾಕಿ ಬೀಗ ಜಡಿಯುತ್ತೇನೆ, ವೀರಮ್ಮನ ಸೆರಗನ್ನು ತಡಕುವ ಗೇಟು ಇನ್ನೂ ಆಗಿಲ್ಲ.

ಅಮ್ಮ ಬೇಡಿ, ಇಲ್ಲಿ ಹಚ್ಚಬೇಡಿ. ನನ್ನದೇ ದನಿ, ಸಣ್ಣಗೆ, ಯಾರಿಗೂ ಕೇಳದ ಹಾಗೆ, ಇನ್ನೊಮ್ಮೆ, ಜೋರಾಗಿ, ಸಾರ್, ಧೂಳು ಕೂರೋವರೆಗೂ ಬೆಂಕಿ ಬೇಡ, ಎಲ್ಲಾ ಹೊರಗೆ ಹೋಗೋಣ, ಆರತಿ ಅಂಗಳದಲ್ಲಿ ಮಾಡೋಣ — ಷಣ್ಮುಖಪ್ಪನವರಿಗೆ ನಗು, ಎಲಿವೇಟರನ್ನ ಅಂಗಳಕ್ಕೆ ಹೊತ್ಕೊಂಡ್ ಹೋಗೋಣ್ವಾ, ಕರಿಯಣ್ಣ, ಹಿಡಿಯೋ ಒಂದ್ ಕಡೆ, ಆರತಿ ಯಾರಿಗೆ ಎತ್ತೋದು ಹಾಗಿದ್ರೆ, ಅಲ್ಲಿ ಲಾರಿ ತೂಗೋ ವೇಬ್ರಿಜ್ಜಿಗಾ, ಗುಂಪೆಲ್ಲ ನಗುತ್ತದೆ, ನಗುವಿನ ಗಾಳಿಗೆ ಧೂಳು ಇನ್ನೊಂದು ಸುತ್ತು ಏಳುತ್ತದೆ. ಹೋದ ವರ್ಷ ಇಲ್ಲೇ ಹಚ್ಚಿದ್ವಲ್ಲಮ್ಮ, ಏನಾಯ್ತು. ಹೋದ ವರ್ಷ ತೊಲೆ ಗುಡಿಸಿರಲಿಲ್ಲ ಸಾರ್, ಧೂಳು ಮೇಲೆ ಮಲಗಿತ್ತು. ಅಂದ್ರೆ ಗುಡಿಸಿದ್ದೇ ತಪ್ಪಾ, ಎನ್ನುತ್ತಾನೆ ಕರಿಯಣ್ಣ, ನಗುತ್ತಿಲ್ಲ ಈಗ, ಗುಡಿಸದಿದ್ರೂ ಬೈತೀರಿ, ಗುಡಿಸಿದ್ರೂ ಬೈತೀರಿ, ನಿಮಗೆ ನಾವು ಏನ್ ಮಾಡ್ಬೇಕು ಮೇಡಮ್ಮೋರೆ. ಅವನ ಹುಬ್ಬಿನಲ್ಲಿ ಹಳದಿ, ಕಣ್ಣು ಕೆಂಪು, ಬೆಳಗಿನಿಂದ ಏಣಿಯ ಮೇಲಿದ್ದ, ನನಗೊಂದು ಖುಷಿ ಆಗಲಿ ಅಂತ, ಏನು ಹೇಳಲಿ, ಒಳ್ಳೆಯದನ್ನೇ ಮಾಡಿದೆ ಕರಿಯಣ್ಣ, ಆದರೆ ಇವತ್ತು ಅದೇ ಕೊಲ್ಲುತ್ತದೆ ಎಂದು ಹೇಗೆ ಹೇಳುವುದು, ಅದಕ್ಕೊಂದು ವಾಕ್ಯ ಇದ್ದಿದ್ದರೆ ನನಗೆ ಈ ಊರಿನಲ್ಲಿ ನಾಲ್ಕು ಜನ ಇರುತ್ತಿದ್ದರು. ಸುಮ್ನಿರೇ, ಕರ್ಪೂರ ಹಚ್ಚೋಕೆ ಎಷ್ಟು ಹೊತ್ತು, ಬಾ ಇಲ್ಲಿ, ಪಕ್ಕಕ್ಕೆ ಬಾ, ವೀರಮ್ಮ ಜಾಗ ಬಿಟ್ಟುಕೊಡುತ್ತಾರೆ, ಎಡಪಕ್ಕದಲ್ಲಿ, ಸೊಸೆಗೂ ಮುಂಚೆ, ಒಬ್ಬಳು ನಿಲ್ಲುವಷ್ಟು ಜಾಗ, ಕಡ್ಡಿ ತೆಗೆದು ಗೀರುತ್ತಾರೆ, ಮುರಿಯುತ್ತದೆ, ಸೆರಗಿನ ಬೆವರಿಗೆ ಮದ್ದು ತೇವ, ಇನ್ನೊಂದು ಕಡ್ಡಿ, ನೀರು ಹಾಕಲೇ, ತಂಬಿಗೆ ಅಲ್ಲೇ ಇದೆ, ನೀರಿನ ಮೇಲೂ ಉರಿಯುತ್ತದೆ ಕರ್ಪೂರ, ಅದಕ್ಕೆ ಯಾವ ಎಗ್ಗೂ ಇಲ್ಲ, ಹೋಗಿ ಅವರ ಪಕ್ಕ ನಿಂತುಬಿಡಲೇ, ಏನೂ ಆಗದೆಯೂ ಹೋಗಬಹುದು, ಎಷ್ಟೋ ಸಲ ಏನೂ ಆಗುವುದಿಲ್ಲ, ಆ ಜಾಗ ಅಲ್ಲಿದೆ, ನನಗೆಂದೇ, ಕಡ್ಡಿ ಪೊಟ್ಟಣದ ಬದಿಗೆ ಬಂತು, ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು.

ಕಿತ್ತುಕೊಂಡೆ. ಎರಡನ್ನೂ, ತಟ್ಟೆ, ಬೆಂಕಿಪೊಟ್ಟಣ, ಆ ಸಣ್ಣ ಕೈಯಿಂದ, ಬಳೆ ಒಂದು ತಟ್ಟೆಗೆ ತಾಗಿ ಟಣ್ ಎಂದಿತು, ಹೂವು ಚೆಲ್ಲಿತು, ಅಕ್ಷತೆ ಚೆಲ್ಲಿತು, ಅಯ್ಯೋ ಎಂದು ಹೆಂಗಸರು ಒಟ್ಟಿಗೆ, ಬರಿಗಾಲಲ್ಲಿ ನಡೆದೆ, ಓಡಲಿಲ್ಲ, ಓಡಿದರೆ ಕಳ್ಳಿ ಎಂದುಕೊಳ್ಳುತ್ತಾರೆ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು ನೋಡು, ಬಾಗಿಲು ದಾಟಿ ಅಂಗಳಕ್ಕೆ, ಬಿಸಿಲಿಗೆ, ಬೇವಿನಮರವನ್ನೂ ದಾಟಿ, ಇಲ್ಲಿ, ತಿರುಗಿ ನಿಂತೆ, ಬನ್ನಿ, ಎಲ್ಲಾ ಹೊರಗೆ ಬನ್ನಿ, ಇಲ್ಲಿ ನಾನೇ ಹಚ್ಚಿಕೊಡ್ತೀನಿ, ಬಾಗಿಲು ತೆಗೆದಿರಲಿ, ಧೂಳು ಕೂತ ಮೇಲೆ ಒಳಗೆ ಕುಂಕುಮ ಹಚ್ಚೋಣ. ಯಾರೂ ಬರುವುದಿಲ್ಲ. ಬಾಗಿಲ ಚೌಕಟ್ಟಿನೊಳಗೆ ಎಲ್ಲರೂ ನಿಂತಿದ್ದಾರೆ, ಹಳದಿ ಮಬ್ಬಿನಲ್ಲಿ ಹಳೆಯ ಗ್ರೂಪ್ ಫೋಟೋದ ಹಾಗೆ, ಫೋಟೋ ತೆಗೆದವಳು ಮಾತ್ರ ಹೊರಗೆ. ಷಣ್ಮುಖಪ್ಪನವರು ಹೊಸ್ತಿಲವರೆಗೆ ಬಂದರು, ದನಿ ಎತ್ತಲಿಲ್ಲ, ಎತ್ತಿದ್ದರೆ ವಾಸಿ ಇತ್ತು, ತಟ್ಟೆ ಕೊಡಮ್ಮ. ಕೊಡಲ್ಲ ಸಾರ್. ಹಬ್ಬದ ದಿನ ನನ್ನ ಬಾಯಲ್ಲಿ ಕೆಟ್ಟ ಮಾತು ಬರೋದು ಬೇಡ, ನಾಳೆ ಆಫೀಸಿಗೆ ಬಾ, ಮಾತಾಡೋಣ. ಆಯ್ತು ಸಾರ್, ಆದರೆ ಒಳಗೆ ಹಚ್ಚೋದಾದ್ರೆ ಇನ್ನೊಂದು ಬೆಂಕಿಪೊಟ್ಟಣ ಹುಡುಕ್ಬೇಕು, ಗೇಟಿನ ಡಬ್ಬಿಯ ಕೀ ನನ್ನ ಹತ್ರ ಇದೆ. ಆಗ ಅವರ ಹಿಂದಿನಿಂದ ವೀರಮ್ಮ, ನಾನು ಸೆಳೆದಾಗ ಉಳುಕಿದ ಮೊಣಕೈ ಹಿಡಿದುಕೊಂಡು, ಮಗನನ್ನು ಸರಿಸಿ, ನನ್ನನ್ನು ನೋಡಿದರು, ಶುಕ್ರವಾರದ ಕಣ್ಣಲ್ಲ, ಯಾರೂ ಇಲ್ಲದೋಳು ಅಂತ ಕರೆದು ಪಕ್ಕದಲ್ಲಿ ಜಾಗ ಕೊಟ್ಟೆನಲ್ಲೇ, ನನ್ನ ಕೈಯಿಂದ ಆರತಿ ಕಿತ್ಕೊಂಡ್ಯಲ್ಲೇ. ಹೋಗಿ ಒಂದು ಚೀಲದ ಮೇಲೆ ಕೂತರು, ನನಗೆ ಬೆನ್ನು ಮಾಡಿ, ಬೆನ್ನು ಎಷ್ಟು ಚಿಕ್ಕದು.

ಯಾರೂ ಇಲ್ಲದೋಳು. ಗೊತ್ತಿತ್ತಾ ಅವರಿಗೆ, ಗೊತ್ತಿದ್ದೇ ಕುರ್ಚಿ ಎಳೆಯುತ್ತಿದ್ದರಾ, ಹೋಳಿಗೆ ಅದಕ್ಕಾ, ಇರಲಿ, ಹೋಳಿಗೆ ಸಿಹಿಯಾಗೇ ಇತ್ತು. ಪುಟ್ಟಲಕ್ಷ್ಮಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು, ಕರಿಯಣ್ಣ ಪೊರಕೆಯನ್ನು ಮೂಲೆಗೆ ಒರಗಿಸಿದ, ನಿಧಾನವಾಗಿ, ನಿಲ್ಲದ ಪೊರಕೆಯನ್ನು ನಿಲ್ಲಿಸುವ ಹಾಗೆ, ಯಾರೂ ಹೊರಗೆ ಬರಲಿಲ್ಲ, ಯಾರೂ ಬೆಂಕಿಯನ್ನೂ ಹುಡುಕಲಿಲ್ಲ, ಕಾಯುತ್ತಿದ್ದಾರೆ, ನಾನು ಸೋಲಲಿ ಎಂದೋ, ರಾಹುಕಾಲ ಕಳೆಯಲಿ ಎಂದೋ, ಕಾಯಲಿ, ಕಾದಷ್ಟೂ ಧೂಳು ಇಳಿಯುತ್ತದೆ, ಒಳಗೆ ಆಚೆ ಗೋಡೆಯ ಬಲ್ಬಿಗೆ ಒಂದು ಅಂಚು ಮೂಡಿದ ಹಾಗಿದೆ, ಮೂಡಿತೇ, ಅಥವಾ ನನ್ನ ಕಣ್ಣಿನ ಆಸೆಯೇ, ಏನೂ ಆಗಲಿಲ್ಲ, ಸೂರು ಅಲ್ಲೇ ಇದೆ, ಗೋಡೆ ಅಲ್ಲೇ ಇದೆ, ನಾಳೆ ಅವರು ಕೇಳುತ್ತಾರೆ, ಏನಾಯ್ತಮ್ಮ, ಏನೂ ಆಗಲಿಲ್ಲವಲ್ಲ, ಹೌದು ಸಾರ್, ಏನೂ ಆಗಲಿಲ್ಲ, ಅದೇ ನನ್ನ ಕೆಲಸ, ಅದನ್ನು ತಟ್ಟೆಯಲ್ಲಿಟ್ಟು ತೋರಿಸಲು ಬರುವುದಿಲ್ಲ — ತಟ್ಟೆ ಬಿಸಿಲಿಗೆ ಕಾದಿದೆ, ಅಂಗೈ ಸುಡುತ್ತಿದೆ, ಕೆಳಗಿಡಬಾರದು, ಆರತಿ ತಟ್ಟೆ, ನೆಲಕ್ಕೆ ಇಡಬಾರದು, ಅಷ್ಟಾದರೂ ನನಗೆ ಗೊತ್ತಿದೆ ವೀರಮ್ಮ, ಇತ್ತ ನೋಡಿ, ಗಾಳಿ ಬರುತ್ತಿದೆ, ಕರ್ಪೂರದ ವಾಸನೆ, ಹಚ್ಚಿಲ್ಲ, ಆದರೂ ವಾಸನೆ, ಬಿಲ್ಲೆಯ ಅಂಚು ತೆಳ್ಳಗಾಗಿದೆ, ಒಳಗಿದ್ದಾಗ ದುಂಡಗೆ ದಪ್ಪಗೆ ಇತ್ತು, ಬಿಸಿಲಿಗೆ ಹೀಗೇ ಹೋಗುತ್ತದೆ ಇದು, ಉರಿಯದೆ, ಬೂದಿಯೂ ಉಳಿಯದೆ, ಯಾರಾದರೂ ಬರುವಷ್ಟರಲ್ಲಿ ಉಳಿಯುತ್ತದೆಯೇ, ಬಾಗಿಲಲ್ಲಿ ಈಗ ಯಾರೂ ಇಲ್ಲ, ಕರ್ಪೂರ ಇನ್ನೂ ಚಿಕ್ಕದಾಯಿತು, ಬೆರಳುಗುರಿನಷ್ಟು, ಯಾರೂ ಇಲ್ಲ, ಕರ್ಪೂರ, ಇನ್ನೂ ಚಿಕ್ಕದು, ಬಿಳೀ, ಹಚ್ಚದ ಕರ್ಪೂರ —