ಏಳು ಮನೆಗೂ ಒಂದೊಂದು ಲಗ್ನಪತ್ರಿಕೆ

ನಮ್ಮವ್ವನ ಹೆಸರು ಮರಿತಾಯಮ್ಮ. ಈ ಹೆಸರು ರೇಷನ್ ಕಾರ್ಡಿನಲ್ಲಿದೆ, ಓಟಿನ ಪಟ್ಟಿಯಲ್ಲಿದೆ, ಹದಿನೇಳು ವರ್ಷದಿಂದ ಶಾಲೆಯ ಬಿಸಿಯೂಟದ ಹಾಜರಿ ಪುಸ್ತಕದಲ್ಲಿದೆ. ನನ್ನ ತಂಗಿ ರಂಜಿನಿಯ ಲಗ್ನಪತ್ರಿಕೆಯಲ್ಲಿ ಮಾತ್ರ ಇರಬಾರದಂತೆ. ಹಾಗೆಂದವರು ನಮ್ಮ ದೊಡ್ಡಪ್ಪ ಪುಟ್ಟಬಸವಯ್ಯ, ಮುಡುಕುತೊರೆ ಪಕ್ಕದ ನಮ್ಮೂರಿನ ಏಳು ಮನೆ ಕುಲಕ್ಕೆ ಯಜಮಾನರು.

"ಗಂಡ ಇಲ್ದೋಳ ಎಸ್ರಲ್ಲಿ ಶುಭಕಾರ್ಯಕ್ಕೆ ಕರೆಯೋ ಪದ್ದತಿ ನಮ್ಮಲ್ಲಿಲ್ಲ ಕಣವ್ವ," ಎಂದರು ನನಗೆ. "ದಿವಂಗತ ರಾಜೇಂದ್ರನ ಮಗಳು ಅಂತ ಬರ್ದುಬುಡು. ಕೆಳ್ಗೆ ಏಳು ಮನೆಯೋರ ಎಸ್ರು ಆಕು. ಕರೆಯೋಕೆ ನಾವಿದ್ದೀವಿ."

ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅಷ್ಟು ವರ್ಷದಲ್ಲಿ ಈ ಏಳು ಮನೆಯ ಒಬ್ಬರೂ ನಮ್ಮನ್ನು ಊಟವಾಯಿತಾ ಎಂದು ಕೇಳಿದ್ದಿಲ್ಲ. ನೂರಾ ನಲವತ್ತು ಮಕ್ಕಳಿಗೆ ಅನ್ನ ಬೇಯಿಸಿ, ಸಂಜೆ ಕಬ್ಬಿನ ಗದ್ದೆಗೆ ಕೂಲಿಗೆ ಹೋಗಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು ಅವ್ವ. ಆ ದಿನ ಅವಳು ದೊಡ್ಡಪ್ಪನಿಗೆ ಕಾಫಿ ಕೊಟ್ಟು ಒಳಗೆ ಹೋದಳು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ರಂಜಿನಿಯ ಮುಖ ನೋಡಿ, ಖಾಲಿ ಲೋಟ ಎತ್ತಿಕೊಂಡು ಅವ್ವನ ಹಿಂದೆ ಹೋದೆ.

ನಮ್ಮದು ಬುದ್ಧನ ಪಟದ ಮುಂದೆ ದೀಪ ಹಚ್ಚಿ ಮಾಡುವ ಮದುವೆ. ಮಂತ್ರ, ಪುರೋಹಿತರನ್ನೆಲ್ಲ ಅಜ್ಜನ ಕಾಲಕ್ಕೇ ಬಿಟ್ಟಿದ್ದೇವೆ, ವೀಳ್ಯದ ಶಾಸ್ತ್ರವನ್ನು ಬಿಟ್ಟಿಲ್ಲ. ಮದುವೆಯ ದಿನ ಯಜಮಾನರು ಎಲ್ಲರ ಮುಂದೆ ನಿಂತು ಲಗ್ನಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಬೇಕು. ಯಾರು ಕರೆದಿದ್ದಾರೆಂದು ಅದರಲ್ಲಿದೆಯೋ ಅವರಿಗೆ ಮೊದಲ ವೀಳ್ಯ, ಆಮೇಲೆ ಉಳಿದ ಹೆಸರುಗಳಿಗೆ. ಕಾರ್ಡಿನಲ್ಲಿ ಇಲ್ಲದವರಿಗೆ ವೀಳ್ಯವಿಲ್ಲ. ಅಂದರೆ ಹೆತ್ತ ಮಗಳ ಮದುವೆಯಲ್ಲಿ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ಅದು ಆಗಕೂಡದು ಎಂದು ಅವತ್ತೇ ತೀರ್ಮಾನಿಸಿದೆ.

ಕಾರ್ಡು ಮಾಡುವವಳು ನಾನೇ ತಾನೆ? ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಮಲ್ಲಿಕಾರ್ಜುನ್ ಅವರ ಡಿಟಿಪಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಪ್ರಶ್ನೆಪತ್ರಿಕೆಯ ಕೆಲಸ ಸಿಕ್ಕಿದಾಗ ಅವರು ಲಾಟೆಕ್ ಎಂಬ ಪ್ರೋಗ್ರಾಮನ್ನು ತಂದು ಹಾಕಿದರು. ಪುಟ ಜೋಡಿಸುವ ಪ್ರೋಗ್ರಾಮು ಅದು, ಆದರೆ ಮೌಸ್ ಹಿಡಿದು ಎಳೆದಾಡುವ ಹಾಗಿಲ್ಲ. ಬರೆಯಬೇಕಾದ್ದನ್ನು ಒಂದು ಫೈಲಿನಲ್ಲಿ ಬರೆದು, ಕಪ್ಪು ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು ಟೈಪಿಸಿ, ಅದರ ಮುಂದೆ ಅಡ್ಡಗೆರೆ ಹಾಕಿ ಹೀಗೆ ಮಾಡು, ಹಾಗೆ ಮಾಡು ಎಂದು ಆಪ್ಷನ್ ಕೊಡಬೇಕು. ಹುಡುಗರು ಪಕ್ಕದವರದ್ದನ್ನು ನೋಡಿ ಬರೆಯಬಾರದೆಂದು ಕಾಲೇಜಿನವರಿಗೆ ಒಂದೇ ಪತ್ರಿಕೆಯ ನಾಲ್ಕು ಸೆಟ್ಟು ಬೇಕಿತ್ತು. ಪ್ರಶ್ನೆಗಳು ಅವೇ, ಅನುಕ್ರಮ ಬೇರೆ. ಫೈಲು ಒಂದೇ, ಯಾವ ಸೆಟ್ಟು ಎಂಬುದನ್ನು ಆ ಆಜ್ಞೆಯ ಸಾಲಿನಲ್ಲೇ ಹೇಳಿದರೆ ಸಾಕು. ಮೊದಲ ವಾರ ನಾನು ಅದನ್ನು ಬೈದಷ್ಟು ಯಾರನ್ನೂ ಬೈದಿಲ್ಲ, ಆಮೇಲೆ ಅದರ ಮೇಲೆ ಪ್ರೀತಿಯೇ ಬಂತು.

ಅವ್ವನ ಹೆಸರಿಗೆ ಬೇಕಾದ ಜಗಳಕ್ಕೆ ನಾನು ಸಿದ್ಧಳಾಗುವಷ್ಟರಲ್ಲಿ ಊರಿನಲ್ಲಿ ಇನ್ನೊಂದು ಜಗಳ ಎದ್ದಿತು. ಏಳು ಮನೆಯಲ್ಲಿ ಯಾರ ಹೆಸರು ಮೊದಲು? ದೊಡ್ಡಪ್ಪ ಯಜಮಾನಿಕೆ ತನ್ನದೆಂದರು. ಏಳನೇ ಮನೆಯ ಗೋವಿಂದಯ್ಯ ವಯಸ್ಸಿನಲ್ಲಿ ತಾನೇ ಹಿರಿಯ ಎಂದರು. ನಾಲ್ಕನೇ ಮನೆಯ ನಟರಾಜ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಸರ್ಕಾರಿ ನೌಕರನನ್ನು ನಡುವೆ ತುರುಕಿದರೆ ಚಪ್ಪರದ ನೆರಳಿಗೂ ಬರುವುದಿಲ್ಲವೆಂದು ಫೋನ್ ಮಾಡಿದ. ಉಳಿದ ನಾಲ್ವರಿಗೂ ಒಂದೊಂದು ಕಾರಣವಿತ್ತು. ಏಳು ಮನೆಯಲ್ಲಿ ಒಂದು ತಪ್ಪಿದರೂ ವೀಳ್ಯ ನಡೆಯುವುದಿಲ್ಲ. ರಂಜಿನಿ ಅಳಲು ಶುರುಮಾಡಿದಳು. ಕವಲಂದೆಯಿಂದ ಮದುಮಗ ಜಗನ್, ಪಾಪದವನು, ರಿಜಿಸ್ಟರ್ ಮಾಡಿಸಿಕೊಂಡು ಬಿಡೋಣವಾ ಎಂದು ಕೇಳಿದ.

ನನಗೆ ಪ್ರಶ್ನೆಪತ್ರಿಕೆ ನೆನಪಾಯಿತು. ಏಳು ಮನೆಗೆ ಏಳು ಸೆಟ್ಟು! ಒಂದೊಂದು ಮನೆಯ ನೆಂಟರಿಗೆ ಹೋಗುವ ಕಾರ್ಡಿನಲ್ಲಿ ಆ ಮನೆಯ ಹೆಸರೇ ಮೊದಲು, ಉಳಿದವು ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ ಸುತ್ತಿಕೊಂಡು ಬರಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏಳೂ ಜನರಿಗೆ ಹೀಗೆಂದು ಮೊದಲೇ ಹೇಳಿದೆ, ಗೊಣಗಿಕೊಂಡು ಒಪ್ಪಿದರು. ಮೇಲುಗಡೆ, ಏಳು ಕಾರ್ಡಿಗೂ ಒಂದೇ ಆದ ಭಾಗದಲ್ಲಿ, ದಪ್ಪ ಅಕ್ಷರದಲ್ಲಿ ನಾನು ಬರೆದದ್ದು ಇಷ್ಟು: 'ದಿವಂಗತ ರಾಜೇಂದ್ರ ಅವರ ಧರ್ಮಪತ್ನಿ ಮರಿತಾಯಮ್ಮನಾದ ನಾನು, ನನ್ನ ಕಿರಿಯ ಮಗಳ ಮದುವೆಗೆ ತಮ್ಮನ್ನು ಕರೆಯುತ್ತಿದ್ದೇನೆ.' ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪ್ರೂಫ್ ನೋಡಿ ಜಗಳಕ್ಕೆ ಬರಲಿ, ಆಗ ನೋಡಿಕೊಳ್ಳೋಣ ಎಂದು ಸೆರಗು ಸಿಕ್ಕಿಸಿಕೊಂಡೆ.

ಇಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಲಾಟೆಕ್ ಸಣ್ಣ ತಪ್ಪಿಗೂ ನಿಂತು ಏನು ಮಾಡಲಿ ಎಂದು ಪ್ರಶ್ನೆಚಿಹ್ನೆ ಹಾಕಿಕೊಂಡು ಕೂರುತ್ತದೆ, ನಮ್ಮ ದೊಡ್ಡಪ್ಪನ ಹಾಗೆಯೇ. ನಿಲ್ಲದೆ ಮುಂದೆ ಹೋಗು ಎನ್ನುವುದಕ್ಕೂ ಒಂದು ಆಪ್ಷನ್ ಇದೆ. ಅದನ್ನು ಕೊಟ್ಟು, ಏಳೂ ಮನೆಗೆ ಏಳು ಸಾಲು ಆಜ್ಞೆ, ಕೊನೆಗೆ ಏಳು ಪ್ರಿಂಟು ಎಂದು ಒಟ್ಟಿಗೆ ಬರೆದು ಓಡಿಸಿ, ಟೀ ಕುಡಿಯಲು ಹೋದೆ. ವಾಪಸು ಬಂದು ಪ್ರಿಂಟರಿನಲ್ಲಿ ಬಿದ್ದಿದ್ದ ಏಳು ಪ್ರೂಫ್ ಎತ್ತಿಕೊಂಡು, ಏಳು ಕವರಿಗೆ ಹಾಕಿ, ಊರಿನ ಬಸ್ಸಿಗೆ ಕೊಟ್ಟು ಕಳಿಸಿದೆ. ಕಣ್ಣಾಡಿಸಲೂ ಇಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತಿದ್ದರು, ಹಿಂದೆ ಇನ್ನೂ ಐವರು. ಏಳು ಕವರಿನಲ್ಲೂ ಗೋವಿಂದಯ್ಯನ ಹೆಸರೇ ಮೊದಲಿತ್ತು. ಗೋವಿಂದಯ್ಯ ಒಬ್ಬರೇ ಊರಿನಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರಂತೆ. ನಟರಾಜ್ ಕಾರ್ಡನ್ನು ನನ್ನ ಮೇಜಿನ ಮೇಲೆ ಎಸೆದ. ಎಲ್ಲರೂ ಅರ್ಧ ಗಂಟೆ ಬೈದ ಮೇಲೆ ದೊಡ್ಡಪ್ಪ ಕೊನೆಯ ಮಾತು ಹೇಳಿದರು.

"ನಾಳೆ ಸಂಜೆವರ್ಗೂ ನೋಡ್ತೀನಿ ಕಣವ್ವ. ಸರಿಯಾಗ್ನಿಲ್ಲ ಅಂದ್ರೆ ನಿಮ್ಮ ಮದ್ವೆಗೆ ಯಜಮಾನ್ರು ಇಲ್ಲ," ಎಂದು ಎದ್ದರು.

ಅವರು ಹೋದ ಮೇಲೆ ನಾನು ಆ ಕಾರ್ಡನ್ನು ಎತ್ತಿ ನೋಡಿದೆ. ಆಗ ಒಂದು ಹೊಳೆಯಿತು, ನಗು ತಡೆಯಲಾಗಲಿಲ್ಲ. ಆರು ಜನ ಬಂದು ಅರ್ಧ ಗಂಟೆ ಬೈದರಲ್ಲ, ಒಬ್ಬರಾದರೂ ಅವ್ವನ ಹೆಸರು ಎತ್ತಿದರಾ? ಇಷ್ಟು ದಪ್ಪ ಅಕ್ಷರದಲ್ಲಿ ಮೇಲುಗಡೆಯೇ ಇದೆ. ಲಗ್ನಪತ್ರಿಕೆಯನ್ನು ಯಾರೂ ಮೇಲಿನಿಂದ ಓದುವುದಿಲ್ಲ ಸ್ವಾಮಿ. ಕೆಳಗೆ ಹೋಗಿ ತಮ್ಮ ಹೆಸರು ಹುಡುಕುತ್ತಾರೆ, ಅದರ ಮೇಲೆ ಯಾರಿದ್ದಾರೆಂದು ನೋಡುತ್ತಾರೆ, ಮಡಚಿ ಜೇಬಿಗಿಡುತ್ತಾರೆ.

ನನ್ನ ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರಶ್ನೆಪತ್ರಿಕೆಯ ದಿನಗಳಲ್ಲಿ ಒಂದು ಸೆಟ್ಟು ಮಾಡಿ, ಪ್ರಿಂಟು ತೆಗೆದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದೆ. ಈ ಸಲ ಏಳನ್ನೂ ಒಟ್ಟಿಗೆ ಓಡಿಸಿದ್ದೆ. ಹೊರಬರುವ ಫೈಲಿಗೆ ಬೇರೆ ಹೆಸರು ಕೊಡದಿದ್ದರೆ ಲಾಟೆಕ್ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಬರೆಯುತ್ತದೆ. ಎರಡನೇ ಮನೆ ಮೊದಲನೆಯದನ್ನು ಅಳಿಸಿತ್ತು, ಮೂರನೆಯದು ಎರಡನೆಯದನ್ನು, ಹೀಗೆ ಕೊನೆಗೆ ಉಳಿದವರು ಗೋವಿಂದಯ್ಯ. ಮಾಡಿದ್ದುಣ್ಣೋ ಮಹಾರಾಯ. ಅದಕ್ಕೂ ಆಪ್ಷನ್ ಇತ್ತು: ಅಡ್ಡಗೆರೆ, ಜಾಬ್‌ನೇಮ್, ಸಮಚಿಹ್ನೆ, ಹೆಸರು. ಏಳು ಸಾಲಿಗೂ ಅದನ್ನು ಸೇರಿಸಿದೆ. ಮನೆ ಒಂದು, ಮನೆ ಎರಡು, ಮನೆ ಮೂರು. ನಿಲ್ಲದೆ ಹೋಗು ಎನ್ನುವುದನ್ನು ತೆಗೆದು ತಪ್ಪು ಕಂಡರೆ ಅಲ್ಲೇ ನಿಲ್ಲು ಎಂಬ ಆಪ್ಷನ್ ಹಾಕಿದೆ. ಎಂಟರ್ ಒತ್ತಿ, ಈ ಸಲ ಟೀಗೆ ಹೋಗದೆ ಕಣ್ಣು ಮಿಟುಕಿಸದೆ ಕೂತೆ. ಎಲ್ಲೂ ನಿಲ್ಲಲಿಲ್ಲ. ಏಳು ಫೈಲು ಸಾಲಾಗಿ ಬಂದು ಕೂತವು. ಒಂದೊಂದನ್ನೂ ತೆಗೆದು ಕೆಳಗಿನಿಂದಲೂ ಓದಿದೆ, ಮೇಲಿನಿಂದಲೂ ಓದಿದೆ.

ನಮ್ಮ ಮಲ್ಲಿಕಾರ್ಜುನ್ ಅವರದ್ದು ಒಂದು ಹಟವಿದೆ. ಹಿಂದೊಮ್ಮೆ ಯಾರದೋ ಗೃಹಪ್ರವೇಶದ ತಾರೀಖು ತಪ್ಪಾಗಿ ಪಂಚಾಯಿತಿಯಾದ ಮೇಲೆ, ಪ್ರೂಫಿನ ಮೇಲೆ 'ಪೂರ್ತಿ ಓದಿದ್ದೇನೆ, ಸರಿ ಇದೆ' ಎಂದು ಸೈನ್ ಬೀಳದೆ ಒಂದು ಕಾರ್ಡೂ ಅಚ್ಚಿಗೆ ಹೋಗುವ ಹಾಗಿಲ್ಲ. ನಾನು ಉಕ್ಕಿ ಬರುತ್ತಿದ್ದ ನಗುವನ್ನು ನುಂಗಿಕೊಂಡು, ಏಳು ಪ್ರೂಫ್ ಹಿಡಿದು ಸಂಜೆ ಬಸ್ಸಿಗೆ ಊರಿಗೆ ಹೋದೆ. ಮನೆಮನೆಗೂ ಹೋಗಿ, ಪೂರ್ತಿ ಓದಿ ಸೈನ್ ಮಾಡಿ ಎಂದು ಬಾಯಿಬಿಟ್ಟು ಹೇಳಿದೆ. ಕದ್ದುಮುಚ್ಚಿ ಏನೂ ಮಾಡಿಲ್ಲ. ದೊಡ್ಡಪ್ಪ ಕೆಳಗೆ ತಮ್ಮ ಹೆಸರನ್ನು ಬೆರಳಿಟ್ಟು ನೋಡಿ, ಈಗ ಸರಿಯಾಯಿತು ಎಂದು ಸೈನ್ ಹಾಕಿದರು. ನಟರಾಜ್ ಇಂಗ್ಲಿಷಿನಲ್ಲಿ ಹಾಕಿದ. ಗೋವಿಂದಯ್ಯ ತಮ್ಮದನ್ನು ಮೊದಲೇ ನೋಡಿದ್ದೇನೆಂದು ಹೇಳಿ ನೋಡದೆಯೇ ಹಾಕಿದರು. ಅವ್ವನಿಗೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಅವಳೇ ಹೆದರಿ ತೆಗೆಸುತ್ತಿದ್ದಳು. ಅಚ್ಚಾದ ಕಾರ್ಡಿನ ಕಟ್ಟುಗಳನ್ನೂ ಅವಳ ಕಣ್ಣಿಗೆ ಬೀಳದಂತೆ ನೆಟ್ಟಗೆ ಏಳು ಮನೆಗೇ ತಲುಪಿಸಿದೆ.

ಮದುವೆ ನಂಜನಗೂಡಿನ ಒಂದು ಛತ್ರದಲ್ಲಿ, ಭಾನುವಾರ ಬೆಳಿಗ್ಗೆ. ಐನೂರು ಜನ. ಏಳು ಮನೆಯವರೂ ಬಂದಿದ್ದರು, ಮನೆಮನೆಯ ಹಿರಿಯರೆಲ್ಲ ಅಂಗಿಯ ಜೇಬಿನಲ್ಲಿ ತಮ್ಮತಮ್ಮ ಕಾರ್ಡು ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡಿದ್ದರು. ಅವ್ವ ನಾನು ತಂದ ನೀಲಿ ಸೀರೆ ಉಟ್ಟು, ನಾನಂದುಕೊಂಡ ಹಾಗೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪ ಈಗ ಓದುವುದಿಲ್ಲವೆಂದು ಕಾರ್ಡು ಮಡಚಿಬಿಟ್ಟರೆ ಅವ್ವನಿಗೆ ಐನೂರು ಜನರೆದುರು ಅವಮಾನ, ಅದನ್ನು ಮಾಡಿಸಿದವಳು ನಾನಾಗುತ್ತೇನೆ.

ದೊಡ್ಡಪ್ಪ ವೀಳ್ಯದ ತಟ್ಟೆಯ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಓದಲು ಶುರುಮಾಡಿದರು. "ದಿವಂಗತ ರಾಜೇಂದ್ರ ಅವರ ಧರ್ಮಪತ್ನಿ..." ಎಂದು ನಿಂತರು. ಮುಂದಿನ ಪದವನ್ನು ಕಣ್ಣಿನಲ್ಲೇ ಓದಿದ್ದು ಗೊತ್ತಾಯಿತು. ತಲೆಯೆತ್ತಿ ನನ್ನನ್ನು ಹುಡುಕಿದರು. ಉಳಿದ ಆರು ಜನರೂ ಜೇಬಿನಿಂದ ಕಾರ್ಡು ತೆಗೆದು ಮೇಲುಗಡೆ ನೋಡಿದರು. ನಟರಾಜ್ ಮುಂದಕ್ಕೆ ಬಂದು, ಇದನ್ನು ಯಾರು ಬರೆಸಿದ್ದು ಎಂದು ಕೇಳಿದ.

ನಾನು ಬ್ಯಾಗಿನಿಂದ ಏಳು ಪ್ರೂಫ್ ತೆಗೆದು ದೊಡ್ಡಪ್ಪನ ಕೈಗಿಟ್ಟೆ.

"ಪೂರ್ತಿ ಓದಿದ್ದೀನಿ, ಸರಿ ಐತೆ ಅಂತ ಏಳು ಮನೆಯೋರೂ ಸೈನ್ ಆಕವ್ರೆ ದೊಡ್ಡಪ್ಪ," ಎಂದೆ. "ಓದ್ನಿಲ್ಲ ಅಂತ ಯಾರಾದ್ರೂ ಹೇಳದಾದ್ರೆ ಈಗ್ಲೇ ಹೇಳ್ಲಿ."

ನಟರಾಜ್ ತನ್ನದೇ ಇಂಗ್ಲಿಷ್ ಸೈನನ್ನು ನೋಡಿ ಹಿಂದೆ ಸರಿದ. ತಾಲ್ಲೂಕು ಕಚೇರಿಯ ಗುಮಾಸ್ತ ಓದದೆ ಸೈನ್ ಮಾಡುತ್ತಾನೆಂದು ಐನೂರು ಜನರ ಮುಂದೆ ಹೇಳಲಾದೀತೆ? ಗೋವಿಂದಯ್ಯ ಕೆಮ್ಮಿದರು. ದೊಡ್ಡಪ್ಪ ಏಳು ಹಾಳೆಯನ್ನೂ ಒಂದೊಂದಾಗಿ ತಿರುವಿದರು. ಆಮೇಲೆ ಅವರ ಮೀಸೆಯ ಕೆಳಗೆ ಏನೋ ಅಲ್ಲಾಡಿತು. ಬೈಗುಳವೆಂದುಕೊಂಡೆ, ನಗು ಅದು.

"ರಾಜೇಂದ್ರನೂ ಇಂಗೇ ಇದ್ದ ಕಣಣ್ಣ," ಎಂದರು ಗೋವಿಂದಯ್ಯನಿಗೆ. ಕಾರ್ಡನ್ನು ಮತ್ತೆ ಕಣ್ಣೆದುರು ಹಿಡಿದು, ಮೈಕೇ ಬೇಡವೆನ್ನುವಷ್ಟು ಜೋರಾಗಿ, ಮೊದಲಿನಿಂದ ಓದಿದರು. ಮರಿತಾಯಮ್ಮನಾದ ನಾನು, ನನ್ನ ಕಿರಿಯ ಮಗಳ ಮದುವೆಗೆ ತಮ್ಮನ್ನು ಕರೆಯುತ್ತಿದ್ದೇನೆ. ಓದಿ ಮುಗಿಸಿ, ಅಡುಗೆಮನೆಯ ಕಡೆ ತಿರುಗಿದರು.

"ಕರ್ದೋಳು ಅಲ್ಯಾಕವ್ವ ನಿಂತಿದ್ದೀಯೆ? ಬಾ ಮುಂದಕ್ಕೆ."

ಅವ್ವ ಮೊದಲು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನಾದರೂ ಕರೆದರೇನೋ ಎಂದು. ಆಮೇಲೆ ಜನ ದಾರಿ ಬಿಟ್ಟರು. ಅವಳು ನಡೆದು ಬಂದು ಎರಡೂ ಕೈಯೊಡ್ಡಿ ಮೊದಲ ವೀಳ್ಯ ತೆಗೆದುಕೊಂಡಳು. ರಂಜಿನಿ ಮಂಟಪದ ಮೇಲೆ ಅಳುತ್ತಿದ್ದಳು. ನಾನು ಅಳಲಿಲ್ಲ, ಎಂದು ಹೇಳಿದರೆ ಸುಳ್ಳಾಗುತ್ತದೆ.

ಊಟದ ಗಲಾಟೆ ಇಳಿದ ಮೇಲೆ ನೋಡಿದರೆ ಅವ್ವ ಎಲ್ಲೂ ಇಲ್ಲ. ಛತ್ರದ ಹಿಂದಿನ ಜಗಲಿಯಲ್ಲಿ ಕೂತಿದ್ದಳು. ಏಳು ಮನೆಯ ಹಿರಿಯರ ಬಳಿಯೂ ಹೋಗಿ ಅವರವರ ಕಾರ್ಡು ಕೇಳಿ ಇಸಿದುಕೊಂಡು, ಮುಂದೆ ಸಾಲಾಗಿ ಹರಡಿಕೊಂಡಿದ್ದಳು. ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಒಂದೊಂದನ್ನೇ ಓದುತ್ತಿದ್ದಳು. ಏಳನೆಯದನ್ನು ಮುಗಿಸಿ ನನ್ನತ್ತ ನೋಡಿದಳು.

"ಅವರು ಒಬ್ಬೊಬ್ರು ಒಂದೊಂದ್ರಲ್ಲಿ ಮೊದ್ಲು ಕಣ್ ಮಗ," ಎಂದಳು. "ನಾನು ಏಳ್ರಲ್ಲೂ."