ಚೌಡಮ್ಮ ತನ್ನ ಮಾತು ವಾಪಸ್ ಕೇಳಿದ್ದು

"ನಿನ್ ಗಂಡ ಸಾರಾಯಿ ಕುಡ್ದು ಕೈ ನಡುಗಿಸ್ಕಂಡ್ರೆ ಅದ್ಕೂ ತೋಟನೇ ಹೊಣೆ ಏನೇ, ಮುಂಡೇದೆ?" ಎಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಲೋಹಿತ್ ಸ್ಟೋರಿನ ಮೆಟ್ಟಿಲ ಮೇಲೆ ನಿಂತು ಕೂಗಿದ. ಆಳುಗಳೆಲ್ಲ ಕತ್ತಿ ಗುದ್ದಲಿ ಹಿಡಿದು ಅಂಗಳದಲ್ಲೇ ನಿಂತಿದ್ದರು. ಅವರ ಕಿವಿಗೆ ಬೀಳಲಿ ಎಂದೇ ಅಷ್ಟು ಜೋರಾಗಿ ಕೂಗಿದ್ದು.

ಚೌಡಮ್ಮ ನಿಂತ ಜಾಗದಿಂದ ಅಲ್ಲಾಡಲಿಲ್ಲ. "ಅವ್ನು ಕುಡಿಯಾಕಿಲ್ಲ ಅಂತ ನಿಂಗೂ ಗೊತ್ತೈತೆ, ನಿಮ್ಮಪ್ಪಂಗೂ ಗೊತ್ತೈತೆ. ಔಸ್ದಿ ಹೊಡ್ದು ಹೊಡ್ದು ಹಂಗಾಗೈತೆ. ಒಂದ್ ಚೀಟಿ ಕೊಡ್ಸು, ಹೋಯ್ತೀನಿ."

ಅವಳಿಗೆ ಬೇಕಾಗಿದ್ದುದು ಅದೊಂದೇ ಚೀಟಿ. ಗಂಡ ಭೂತಯ್ಯನ ಕಾಯಿಲೆ ಕೆಲಸದಿಂದ ಬಂದದ್ದು ಎಂದು ತೋಟದವರು ಬರೆದುಕೊಟ್ಟರೆ ಮಂಗಳೂರಿನ ಆಸ್ಪತ್ರೆಯಲ್ಲಿ ತೋಟದ ಲೆಕ್ಕದಲ್ಲಿ ನೋಡುತ್ತಿದ್ದರು. ಚೀಟಿ ಇಲ್ಲದವರು ಬಾಗಿಲಿಂದಲೇ ವಾಪಸ್. ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಔಷಧಿ ಹೊಡೆಯುವ ಕೆಲಸವನ್ನು ಗಂಡ ಹೆಂಡತಿ ಇಬ್ಬರೂ ವರ್ಷಗಟ್ಟಲೆ ಮಾಡಿದ್ದರು. ತೆಂಗಿನ ನಾರಿನ ಗವಸು ಹಾಕಿಕೊಂಡು ತೊಗಟೆ ಉಜ್ಜುತ್ತ ಅವಳು ಮುಂದೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಅವನು ಹಿಂದೆ. ಈಗ ಅವನು ತಟ್ಟೆಗೆ ಕೈ ಹಾಕಿದರೆ ಅನ್ನದ ಅಗುಳು ಮನೆತುಂಬ ಬೀಳುತ್ತಿತ್ತು. ತುತ್ತು ಅವಳೇ ಇಡಬೇಕಿತ್ತು.

ಗಲಾಟೆ ಕೇಳಿ ಸಾಹುಕಾರ ಮೋಹನ್ ಹೊರಗೆ ಬಂದರು. ಅವರು ಕೂಗಾಡುವ ಪೈಕಿಯವರಲ್ಲ, ಅದಕ್ಕೆಲ್ಲ ಲೋಹಿತ್‌ಗೆ ಸಂಬಳ ಕೊಡುತ್ತಿದ್ದರು. ಕೈಯಲ್ಲಿ ಅಚ್ಚಾದ ಒಂದಷ್ಟು ಹಾಳೆ ಇತ್ತು.

"ನೋಡು ಚೌಡಮ್ಮ, ನಿಮ್ಮನ್ನೆಲ್ಲ ಪರೀಕ್ಷೆ ಮಾಡಿ ಡಾಕ್ಟ್ರು ಬರೆದಿರೋದು ಇದು. ಇಂಟರ್‌ನೆಟ್ಟಲ್ಲಿ ಬಂದಿದೆ. ಅಮೆರಿಕದಲ್ಲಿ ಕೂತೋನೂ ಪುಕ್ಕಟೆ ಓದಬಹುದು. ನಮ್ಮ ತೋಟದಲ್ಲಿ ಔಷಧಿ ಹೊಡೆಯೋರು ಯಾರಿಗೂ ಯಾವ ಕಾಯಿಲೆನೂ ಇಲ್ಲ ಅಂತಿದೆ. ನಾನು ಹೇಳಿದ್ದಲ್ಲಮ್ಮ, ನೀವೇ ಹೇಳಿರೋದು."

"ನಾವ್ ಯಾವಾಗ..." ಎನ್ನುವಷ್ಟರಲ್ಲಿ ಚೌಡಮ್ಮನಿಗೆ ನೆನಪಾಗಿಬಿಟ್ಟಿತು.

ಹೋದ ವರ್ಷ ಆಳುಗಳ ಸಾಲುಮನೆಗಳ ಲೈನಿನ ಮುಂದೆ ಶಾಮಿಯಾನ ಹಾಕಿ ಉಚಿತ ಆರೋಗ್ಯ ಶಿಬಿರ ಎಂದಿದ್ದರು. ಬನ್ನು, ಬಾಳೆಹಣ್ಣು ಕೊಟ್ಟರು, ರಕ್ತ ಎಳೆದುಕೊಂಡರು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಇದೇನು ಎಂದು ಕೇಳಿದ್ದಕ್ಕೆ ಲೋಹಿತ್, "ಬನ್ನು ತಿಂದಿದ್ದಕ್ಕೆ" ಎಂದಿದ್ದ. ತಲೆಸುತ್ತು ಇದೆಯಾ, ವಾಂತಿ ಇದೆಯಾ, ಕೈನಡುಕ ಇದೆಯಾ ಎಂದು ಡಾಕ್ಟರು ಒಬ್ಬೊಬ್ಬರನ್ನೇ ಕೇಳುತ್ತಿದ್ದರೆ, ಅವರ ಕುರ್ಚಿಗೆ ಒರಗಿಕೊಂಡು ಲೋಹಿತ್ ನಿಂತಿದ್ದ. ಅದಕ್ಕೂ ಮೊದಲು ಒಮ್ಮೆ ಕುಳ್ಳಯ್ಯ ಎಂಬವನು ತಲೆಸುತ್ತು ಬರುತ್ತದೆ ಎಂದು ಬಾಯಿಬಿಟ್ಟಿದ್ದಕ್ಕೆ, ರೋಗದ ಆಳು ಬೇಡ ಎಂದು ಅವನ ಸಂಸಾರವನ್ನೇ ಲೈನಿನಿಂದ ಎಬ್ಬಿಸಿದ್ದರು. ಅದನ್ನು ಕಣ್ಣಾರೆ ಕಂಡವರು ಸಾಲಾಗಿ ಬಂದು ಏನೂ ಇಲ್ಲ, ಏನೂ ಇಲ್ಲ ಎನ್ನುತ್ತ ಹೋದರು. ಭೂತಯ್ಯ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಅವನು ಬಾಯಿ ತೆಗೆದರೆ ತೊದಲುವುದು ಗೊತ್ತಾಗುತ್ತದೆ ಎಂದು ಚೌಡಮ್ಮನೇ ಮುಂದೆ ಬಿದ್ದು, "ಏನಿಲ್ಲ ಸಾಮಿ, ಗುಂಡ್‌ಕಲ್ ಇದ್ದಂಗವ್ನೆ" ಎಂದಿದ್ದಳು.

ರಕ್ತ ಕೊಟ್ಟ ಮೇಲೆ ಮಾತ್ರೆ ಬರುತ್ತದೆ ಎಂದು ಲೈನಿನವರು ತಿಂಗಳುಗಟ್ಟಲೆ ಕಾದರು. ಮಾತ್ರೆಯ ಬದಲು ಈ ಹಾಳೆ ಬಂತು.

ಸಾಹುಕಾರರು ಕೈಗಿತ್ತ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಚೌಡಮ್ಮ ಬಾಳ್ಳುಪೇಟೆಗೆ ನಡೆದಳು. ತಂಗಿಯ ಮಗಳು ಶೀಲಾ ಬಿ.ಎ. ಮುಗಿಸಿ ಅಲ್ಲಿನ ಸೈಬರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಶೀಲಾ ಇಂಗ್ಲಿಷನ್ನು ತಡವರಿಸಿಕೊಂಡೇ ಓದಿ ಹೇಳಿದಳು.

"ಬರ್ದೋರಿಗೆ ಈ ತೋಟದ ಜೊತೆ ಯಾವ ಸಂಬಂಧನೂ ಇಲ್ಲ ಅಂತ ಕೊನೇಲಿ ಹಾಕವ್ರೆ ದೊಡ್ಡವ್ವ."

"ಇಲ್ವಂತಾ? ಸಾವ್ಕಾರ್ರ ತಂಗೀನ ಕಟ್ಕಂಡಿರೋನೇ ಆ ಡಾಕ್ಟ್ರು ಕಣಮ್ಮಿ. ಅವ್ನ ಮದುವೇಲಿ ಹಂಡೆ ಉಜ್ಜಿ ಉಜ್ಜಿ ನನ್ ಉಗುರೇ ಕಿತ್ಬಂದಿತ್ತು. ಬಡ್ಡೀಮಗ."

ಶೀಲಾ ಕಂಪ್ಯೂಟರಿನಲ್ಲಿ ಆ ಲೇಖನ ಬಂದಿದ್ದ ಸಂಶೋಧನಾ ಪತ್ರಿಕೆಯನ್ನೇ ಹುಡುಕಿ ತೆಗೆದಳು. ನೀತಿ ನಿಯಮ ಎಂದು ಅದರಲ್ಲೊಂದು ಪುಟವೇ ಇತ್ತು. ಪರೀಕ್ಷೆಗೆ ಒಳಗಾದವರು ಯಾವಾಗ ಬೇಕಾದರೂ ತಮ್ಮ ಒಪ್ಪಿಗೆ ಹಿಂದಕ್ಕೆ ಪಡೆಯಬಹುದಂತೆ. ಕಚೇರಿಯೂ ದೂರವಿಲ್ಲ, ಹಾಸನದಲ್ಲೇ.

"ಹಂಗಾರೆ ನಾನ್ ಆಡಿದ್ ಮಾತು ನಂಗೆ ವಾಪಸ್ ಕೊಡ್ತಾರಾ?"

"ಹಂಗಂತ ಬರ್ದವ್ರೆ."

"ಸರಿ ಬುಡು. ನಾಳೆ ರಜಾ ಹಾಕು."

ಭೂತಯ್ಯನನ್ನು ಒಬ್ಬನನ್ನೇ ಬಿಟ್ಟು ಹೋಗುವಂತಿರಲಿಲ್ಲ. ಮೂವರೂ ಬಸ್ಸು ಹತ್ತಿದರು. ಅಂತರರಾಷ್ಟ್ರೀಯ ಪತ್ರಿಕೆ ಎಂದು ಶೀಲಾ ಹೇಳಿದ್ದಕ್ಕೆ ಚೌಡಮ್ಮ ಡಿಸಿ ಆಫೀಸಿನಂಥದ್ದೇನೋ ಇರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ಟ್ಯುಟೋರಿಯಲ್ ಒಂದರ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ, ಒಂದು ಕಂಪ್ಯೂಟರು, ಸಂಪಾದಕ ನವೀನ್‌ಕುಮಾರ್. ಯಾವುದೋ ಕಾಲೇಜಿನಲ್ಲಿ ಪ್ರೊಫೆಸರಂತೆ. ಭೂತಯ್ಯನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇವರಿಬ್ಬರೂ ಒಳಗೆ ಹೋದರು. ಎದುರಿಗೆ ಎರಡು ಕುರ್ಚಿ ಖಾಲಿ ಇದ್ದವು. ಕೂರಿ ಎಂದು ಅವರು ಹೇಳಲಿಲ್ಲ.

ಎಲ್ಲವನ್ನೂ ಕೇಳಿದ ಮೇಲೆ, "ನಿಮ್ಮ ವಿದ್ಯಾರ್ಹತೆ ಏನಮ್ಮ?" ಎಂದರು.

"ಔಸ್ದಿ ಹೊಡೆಯೋ ಕೆಲ್ಸ ಸಾಮಿ."

ಸಂಪಾದಕರು ನಕ್ಕರು. "ಆಕ್ಷೇಪಣೆ ಇದ್ದರೆ ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆದು ಕಳಿಸಬೇಕು. ಪ್ರಕಟಣೆಗೆ ಶುಲ್ಕ ಇದೆ."

"ಎಲ್ಲಾ ಫ್ರೀ ಅಂತ ಹಾಕಿದ್ದೀರಲ್ಲ ಸರ್?" ಎಂದಳು ಶೀಲಾ.

"ಓದೋಕೆ ಫ್ರೀ. ಬರೆಯೋಕಲ್ಲ. ಮತ್ತೆ ಈ ಲೇಖನವನ್ನ ಇಬ್ಬರು ವಿದ್ವಾಂಸರು ಪರಿಶೀಲಿಸಿ ಒಪ್ಪಿದ್ದಾರೆ."

"ಅವ್ರು ನಮ್ ಲೈನಿಗೆ ಬಂದಿದ್ರಾ?" ಎಂದಳು ಚೌಡಮ್ಮ.

"ಬರೋ ಅಗತ್ಯ ಇಲ್ಲ. ಅವರು ಯಾರು ಅಂತ ಹೇಳೋ ಹಾಗೂ ಇಲ್ಲ. ಅದು ನಿಯಮ."

"ಡಾಕ್ಟ್ರು ಸಾವ್ಕಾರ್ರ ತಂಗಿ ಗಂಡ ಕಣ್ ಸಾಮಿ."

"ಅದು ಅವರ ಮನೆ ವಿಷಯ."

ಚೌಡಮ್ಮನಿಗೆ ರೇಗಿಹೋಯಿತು. ಆದರೂ ಕೆಲಸ ಆಗಬೇಕಲ್ಲ ಎಂದು ತಡೆದುಕೊಂಡಳು. "ಅದೆಲ್ಲ ಬ್ಯಾಡ ಬುಡಿ. ನನ್ ಗಂಡನ್ ಬಗ್ಗೆ ನಾನ್ ಆಡಿದ್ ಮಾತು ವಾಪಸ್ ಕೊಡಿ. ನಿಮ್ ನಿಯಮದಲ್ಲೇ ಐತಂತಲ್ಲ."

ಸಂಪಾದಕರು ಕಂಪ್ಯೂಟರಿನಲ್ಲಿ ಆ ಲೇಖನದ ಮೂಲ ಫೈಲನ್ನು ತೆರೆದರು. ಪರದೆಯ ತುಂಬ ಪಟ್ಟಿ. ಒಂದು ಕಡೆ ಬರೀ ನಂಬರು, ಇನ್ನೊಂದು ಕಡೆ ಮೇಲಿಂದ ಕೆಳಗಿನವರೆಗೂ ಇಲ್ಲ, ಇಲ್ಲ, ಇಲ್ಲ ಎಂದೇ ಇಂಗ್ಲಿಷಿನಲ್ಲಿತ್ತು.

"ಇದರಲ್ಲಿ ನಿಮ್ಮ ಯಜಮಾನರ ನಂಬರ್ ಯಾವುದು?"

"ನಂಬ್ರ ಯಾಕೆ? ಭೂತಯ್ಯ ಅಂತ ಹೆಸ್ರು."

"ಹೆಸರು ಇರಲ್ಲಮ್ಮ. ನಿಮ್ಮ ಒಳ್ಳೇದಕ್ಕೇ, ನಿಮ್ಮ ಗುಟ್ಟು ಹೊರಗೆ ಹೋಗಬಾರದು ಅಂತ ಹೆಸರು ತೆಗೆದು ನಂಬರ್ ಹಾಕಿರ್ತಾರೆ. ಯಾವುದು ಯಾರದು ಅಂತ ನನಗೂ ಗೊತ್ತಿರಬಾರದು. ಅದೂ ನಿಯಮವೇ. ಈಗ ಯಾರ ಮಾತು ಅಂತ ತೆಗೀಲಿ?"

"ಎಲ್ಲಾದ್ನೂ ತೆಗೀರಿ. ಎಲ್ರೂ ಹೇಳಿದ್ದೂ ಸುಳ್ಳೇ."

"ಸುಳ್ಳು ಹೇಳಿದ್ದು ನೀವು, ತಪ್ಪು ನಮ್ಮದಾ? ವಿಜ್ಞಾನದ ಹತ್ತಿರ ಸುಳ್ಳು ಹೇಳಬಾರದಮ್ಮ. ನಿಮ್ಮಂಥೋರಿಂದಲೇ ದೇಶದ ಸಂಶೋಧನೆಗೆ ಕೆಟ್ಟ ಹೆಸರು."

"ಪಕ್ದಲ್ಲಿ ರೈಟ್ರು ನಿಂತಿದ್ದ ಅಂತ ಬರ್ದವ್ರಾ ಅದ್ರಲ್ಲಿ?"

"ಅದನ್ನೆಲ್ಲ ಬರೆಯಲ್ಲ. ಹೊರಡಿ, ನನಗೆ ಕ್ಲಾಸಿದೆ."

ಚೌಡಮ್ಮ ಹೊರಗೆ ಹೋದಳು. ಮುಗಿಯಿತೆಂದು ಶೀಲಾ ಹಾಳೆಗಳನ್ನು ಎತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚೌಡಮ್ಮ ಭೂತಯ್ಯನ ರಟ್ಟೆ ಹಿಡಿದು ಒಳಗೆ ಕರೆತಂದು, ಮೇಜು ಸುತ್ತಿಸಿ, ಸಂಪಾದಕರ ಪಕ್ಕದಲ್ಲೇ ನಿಲ್ಲಿಸಿದಳು. ಅವನ ಬಲಗೈ ಎತ್ತಿ ಕಂಪ್ಯೂಟರಿನ ಕೀಲಿಗಳ ಮೇಲಿಟ್ಟಳು.

ಕೈ ನಡುಗಿತು. ಪರದೆಯ ಮೇಲಿನ ಪಟ್ಟಿಯ ನಡುವೆ ಅಕ್ಷರಗಳು ಹುಟ್ಟಿ ಸಾಲುಗಟ್ಟಿ ಓಡತೊಡಗಿದವು.

"ಏಯ್, ತೆಗೀರಿ ಕೈನ. ಫೈಲ್ ಹಾಳಾಗುತ್ತೆ."

"ಆಗ್ಲಿ. ಅವತ್ತು ಇವ್ನ ಬಾಯಿ ಮುಚ್ಸಿ ನಾನ್ ಹೇಳ್ಬುಟ್ಟಿದ್ದೆ. ಇವತ್ತು ಇವ್ನೇ ಹೇಳ್ಲಿ. ಓದ್ಕಳಿ ಸಾಮಿ, ನೀವು ಓದ್ದೋರು."

ಭೂತಯ್ಯನಿಗೆ ಏನೂ ತಿಳಿಯಲಿಲ್ಲ. ತಪ್ಪು ಮಾಡಿದವನಂತೆ ಹೆಂಡತಿಯ ಮುಖ ನೋಡುತ್ತ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹವಣಿಸಿದ. ಚೌಡಮ್ಮ ಬಿಡಲಿಲ್ಲ, ಮಣಿಕಟ್ಟನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದಳು.

ಸಂಪಾದಕರು ಆ ಕೈಯನ್ನು ಹಿಡಿದೆಳೆಯಲು ಮುಂದಾದವರು, ಇನ್ನೇನು ಮುಟ್ಟಬೇಕು ಅನ್ನುವಾಗ ತಮ್ಮ ಕೈಯನ್ನೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಸ್ವಿಚ್ಚಿಗಾಗಿ ತಡಕಾಡತೊಡಗಿದರು. ಮೇಲೆ ಅಕ್ಷರಗಳು ಪಟ್ಟಿಯನ್ನು ದಾಟಿ ಕೆಳಗಿನ ಪುಟಕ್ಕೆ ಇಳಿಯುತ್ತಿದ್ದವು.