ಮಣಿಕಟ್ಟಿನ ಸುತ್ತ ಒಂದು ಗೆರೆ

ಬಲಗೈ ಮರಗಟ್ಟಿದಂದಿನಿಂದ ಟೈಲರನಿಗೆ ಕಾಯಿಲೆಗಿಂತ ಅಕ್ಕನ ಭಯವೇ ಹೆಚ್ಚಾಗಿತ್ತು. ಹೊಲಿಗೆ ಅಂಗಡಿ ಅಕ್ಕನದು, ಅಲ್ಲಿ ಆಡುವ ನಾಲಿಗೆಯೂ ಅಕ್ಕನದೇ. ಶಾಲೆಯ ಸಮವಸ್ತ್ರಗಳ ರಾಶಿ ಬಂದು ಬಿದ್ದ ವಾರವೇ ತಮ್ಮನ ಕೈ ಮುಷ್ಕರ ಹೂಡಿದ್ದರಿಂದ, ಬಂದ ಗಿರಾಕಿಗಳಿಗೆಲ್ಲ "ಅದೆಲ್ಲ ನಾಟಕ" ಎಂದು ಡಂಗುರ ಸಾರಿದ್ದಳು.

ಈಗ ಇನ್ನೊಂದು ಪೀಕಲಾಟ. ಬೆಳಿಗ್ಗೆ ಮುಖ ತೊಳೆಯುವಾಗ ಮರಗಟ್ಟಿದ್ದ ಹೆಬ್ಬೆರಳಿಗೆ ನೀರು ತಣ್ಣಗೆ ತಾಗಿಬಿಟ್ಟಿತು! ಕುಣಿದಾಡಬೇಕಾದವನು ಬೆವರಿದ. ತಾನಾಗಿಯೇ ಸರಿಹೋದರೆ ಅಕ್ಕನ ಮಾತೇ ಗೆದ್ದಂತಲ್ಲವೇ? ತುಟಿ ಬಿಗಿಹಿಡಿದೇ ಅಕ್ಕನ ಜೊತೆ ಆಸ್ಪತ್ರೆಗೆ ಬಂದಿದ್ದ.

"ಎಲ್ಲಿಂದ ಮುಟ್ಟಿದ್ದು ಗೊತ್ತಾಗಲ್ವೋ, ಅಲ್ಲಿ ಗುರುತು ಹಾಕಿ" ಎಂದರು ಡಾಕ್ಟರಮ್ಮ.

ಟೈಲರ್ ಜೇಬಿನಿಂದ ಸೀಮೆಸುಣ್ಣ ತೆಗೆದು, ಎಡಗೈಯಿಂದಲೇ ಮಣಿಕಟ್ಟಿನ ಸುತ್ತ ಗೆರೆ ಎಳೆದ. ಅಂಗಿಯ ಕಫ್‌ಗೂ ಅಷ್ಟು ಅಚ್ಚುಕಟ್ಟಾಗಿ ಎಳೆದವನಲ್ಲ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ನರಗಳು ಹೀಗೆ ಅಳತೆ ನೋಡಿ ನಿಲ್ಲಲ್ಲ. ಒಂದು ನರ ಕೆಟ್ರೆ ಕೈಯ ಒಂದು ಭಾಗ ಮಾತ್ರ ಮರಗಟ್ಟುತ್ತೆ. ಗ್ಲೌಸ್ ಹಾಕಿದ ಹಾಗೆ ಅಲ್ಲ."

ಆಮೇಲೆ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು ತಟ್ಟಿ, ಅದು ಗುಂಯ್‌ಗುಡುತ್ತಿರುವಾಗಲೇ ಗೆರೆ ಹಾದುಹೋದ ಮೂಳೆಯ ಎರಡೂ ಬದಿಗೆ ಇಟ್ಟು ನೋಡಿದರು. ಗೆರೆಯಿಂದ ಮೇಲಕ್ಕೆ ಟೈಲರನಿಗೆ ನಡುಕ ಗೊತ್ತಾಯಿತು, ಕೆಳಕ್ಕೆ ಇಲ್ಲ. "ಒಂದೇ ಮೂಳೆ. ನಡುಕ ಅರ್ಧಕ್ಕೆ ನಿಲ್ಲೋಕಾಗಲ್ಲ. ನರ ಚೆನ್ನಾಗಿದೆ."

"ನಾನು ಹೇಳಿರಲಿಲ್ವಾ! ನಾಟಕ!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

"ಕೂತ್ಕೊಳ್ಳಿ. ನರ ಚೆನ್ನಾಗಿದೆ ಅಂದೆ, ಇವರು ಸುಳ್ಳು ಹೇಳ್ತಿದ್ದಾರೆ ಅನ್ನಲಿಲ್ಲ. ಫೋನ್ ರಿಂಗ್ ಆಗ್ತಿದೆ, ಮಿದುಳು ಎತ್ತುತ್ತಿಲ್ಲ. ಬೇಕಂತ ಮಾಡೋದಲ್ಲ ಇದು."

"ಹಂಗಾದ್ರೆ ಯಾಕೆ ಬಂತು? ನನ್ನ ಬಾಯಿಂದ ಅಂತ ಬರೀತೀರೇನೋ!"

"ಊಹೆ ಬರೆಯಲ್ಲ, ಕಂಡದ್ದಷ್ಟೇ ಬರೀತೀನಿ." ಡಾಕ್ಟರಮ್ಮ ಗಟ್ಟಿಯಾಗಿ ಓದುತ್ತಲೇ ಬರೆದರು: ಸ್ಪರ್ಶ ತಿಳಿಯದಿರುವುದು ನಿಜ. ನಟನೆಯಲ್ಲ. ನರಕ್ಕೆ ಹಾನಿಯಾಗಿಲ್ಲ, ಗುಣವಾಗಬಹುದು.

ಟೈಲರ್ ಮೇಜಿನ ಕಡೆ ಬಾಗಿದ. "ಅಮ್ಮಾ, ಇನ್ನೊಂದು ಸಾಲು. ಇದ್ದಕ್ಕಿದ್ದಂಗೆ ಗುಣವಾದ್ರೂ ಸುಳ್ಳಲ್ಲ ಅಂತ."

ಡಾಕ್ಟರಮ್ಮ ಅವನ ಮುಖವನ್ನೇ ಒಂದು ಕ್ಷಣ ನೋಡಿದರು. ಆ ಸಾಲನ್ನೂ ಬರೆದರು.

"ಸಹಿ?" ಎಂದ ಟೈಲರ್.

ಸಹಿಯೂ ಬಿತ್ತು. ಟೈಲರನಿಗೆ ಹೋದ ಜೀವ ಬಂದಂತಾಯಿತು.

"ಹಂಗಾದ್ರೆ... ಹೆಬ್ಬೆರಳು ಬೆಳಿಗ್ಗೆನೇ ಸರಿಹೋಗಿದೆ."

ಅಕ್ಕ ಬಾಯಿ ತೆರೆದಳು. ಡಾಕ್ಟರಮ್ಮ ಸಹಿ ಒಣಗದ ಕಾಗದವನ್ನು ಅವಳ ಕಡೆ ತಿರುಗಿಸಿದರು. ಓದಿ ಮುಗಿಸಿದ ಅಕ್ಕ, ತಮ್ಮನ ಹೆಬ್ಬೆರಳು ಹಿಡಿದು ಬಲವಾಗಿ ಚಿವುಟಿದಳು.

"ಅಯ್ಯಯ್ಯೋ!"

ಅವನು ಕಿರುಚಿದ್ದೇ ತಡ, ಅಕ್ಕ ಗಳಗಳನೆ ಅತ್ತುಬಿಟ್ಟಳು. ಹೆಬ್ಬೆರಳನ್ನು ಮಾತ್ರ ಬಿಡಲಿಲ್ಲ.

"ನಾಟಕ ನಾಟಕ ಅಂತಿದ್ದೆನಲ್ಲೋ," ಎಂದಳು, "ದೇವ್ರೇ, ನಾಟಕನೇ ಆಗಿರ್ಲಪ್ಪಾ ಅಂತ ಕಣೋ."